ಶೇರ್ಡ್ ಲೈಬ್ರರಿಯ ಗಾತ್ರ ಇಳಿಸುವುದು: ಸ್ಟ್ರಿಪ್ ಮಾಡಿದರಷ್ಟೇ ಸಾಲದು

ಲಿನಕ್ಸ್ ಅಥವಾ ಆಂಡ್ರಾಯ್ಡ್‌ಗಾಗಿ ಸಿ++ ಕೋಡ್‌ನಿಂದ ಬಿಲ್ಡ್ ಮಾಡಿದ ಎಸ್‌ಒ ಫೈಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಶೇರ್ಡ್ ಲೈಬ್ರರಿ) ವಿಪರೀತ ದೊಡ್ಡದಾಗಿದ್ದರೆ, ಫ್ಲ್ಯಾಗ್‌ಗಳನ್ನು ಬದಲಿಸುವ ಮೊದಲು ಜಾಗವನ್ನು ಯಾವುದು ಹಿಡಿದಿದೆ ಎಂದು ನೋಡಬೇಕು. ರೀಡ್‌ಎಲ್ಫ್ ಕಮಾಂಡನ್ನು ದೊಡ್ಡಕ್ಷರದ ಎಸ್ ಆಯ್ಕೆಯೊಂದಿಗೆ ಓಡಿಸಿದರೆ ಫೈಲಿನ ಪ್ರತಿ ಭಾಗದ, ಅಂದರೆ ಸೆಕ್ಷನ್ನಿನ, ಗಾತ್ರ ಕಾಣುತ್ತದೆ. ಅಲ್ಲಿ ದೋಷ ಹುಡುಕಲು ನೆರವಾಗುವ ಡೀಬಗ್ ಸೆಕ್ಷನ್‌ಗಳದೇ ಸಿಂಹಪಾಲಾಗಿದ್ದರೆ ಕೆಲಸ ಸುಲಭ. ಸ್ಟ್ರಿಪ್ ಕಮಾಂಡಿಗೆ ಸ್ಟ್ರಿಪ್-ಅನ್‌ನೀಡೆಡ್ ಆಯ್ಕೆ ಕೊಟ್ಟರೆ ಅವು ಹೋಗುತ್ತವೆ. ಆದರೆ ಅದಕ್ಕೂ ಮುನ್ನ ಆಬ್ಜ್‌ಕಾಪಿ ಕಮಾಂಡಿನ ಓನ್ಲಿ-ಕೀಪ್-ಡೀಬಗ್ ಆಯ್ಕೆಯಿಂದ ಡೀಬಗ್ ಮಾಹಿತಿಯನ್ನು ಬೇರೆ ಫೈಲಿಗೆ ತೆಗೆದಿಡಲೇಬೇಕು. ಅದಿಲ್ಲದಿದ್ದರೆ ಬಳಕೆದಾರರಿಂದ ಬರುವ ಕ್ರ್ಯಾಶ್ ವರದಿಯ ವಿಳಾಸಗಳನ್ನು ಸೋರ್ಸ್ ಫೈಲಿನ ಸಾಲುಗಳಿಗೆ ಹೊಂದಿಸಲಾಗದು.

ಇನ್ನೂ ದೊಡ್ಡದಾಗಿಯೇ ಉಳಿದರೆ ಕಾರಣ ಬಹುತೇಕ ಎಕ್ಸ್‌ಪೋರ್ಟ್ ಆದ, ಅಂದರೆ ಹೊರಗಿನವರಿಗೆ ಕಾಣುವ, ಸಿಂಬಲ್‌ಗಳಲ್ಲಿ (ಫಂಕ್ಷನ್ ಮೊದಲಾದವುಗಳ ಹೆಸರುಗಳಲ್ಲಿ) ಇರುತ್ತದೆ. ಸ್ಟ್ಯಾಟಿಕ್ ಎಂದು ಗುರುತಿಸದ ಬಹುತೇಕ ಎಲ್ಲ ಫಂಕ್ಷನ್‌ಗಳನ್ನೂ ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳು ಇಲ್ಲಿ ತಾವಾಗಿಯೇ ಹೊರಗೆ ತೆರೆದಿಡುತ್ತವೆ. ಹಾಗೆ ತೆರೆದಿಟ್ಟದ್ದನ್ನು ಬೇರೆ ಯಾವುದೋ ಪ್ರೋಗ್ರಾಂ ಕರೆಯಬಹುದೆಂದು ಭಾವಿಸುವ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಒಂದು ಫೈಲಾಗಿ ಜೋಡಿಸುವ ಸಾಧನ), ಅದನ್ನೂ ಅದು ಅವಲಂಬಿಸಿದ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ಎನ್‌ಎಂ ಕಮಾಂಡನ್ನು ದೊಡ್ಡಕ್ಷರದ ಡಿ ಆಯ್ಕೆಯೊಂದಿಗೆ ಓಡಿಸಿ ನೋಡಿ: ಎರಡೋ ಮೂರೋ ಫಂಕ್ಷನ್ ಕೊಡಬೇಕಾದ ಲೈಬ್ರರಿಯ ಪಟ್ಟಿಯಲ್ಲಿ, ಒಳಗೆ ಸೇರಿಸಿಕೊಂಡ ಝೆಡ್‌ಲಿಬ್ ಎಂಬ ಡೇಟಾ ಕುಗ್ಗಿಸುವ ಲೈಬ್ರರಿಯ ಇನ್‌ಫ್ಲೇಟ್, ಡಿಫ್ಲೇಟ್‌ಗಳೂ ಇಣುಕುತ್ತಿರುತ್ತವೆ.

ಆದ್ದರಿಂದ ಎಫ್‌ವಿಸಿಬಿಲಿಟಿ ಫ್ಲ್ಯಾಗಿಗೆ ಹಿಡನ್ ಎಂಬ ಬೆಲೆ ಕೊಟ್ಟು, ನಿಜವಾಗಿ ಹೊರಗೆ ಬೇಕಾದ ಫಂಕ್ಷನ್‌ಗಳಿಗೆ ಮಾತ್ರ ಡೀಫಾಲ್ಟ್ ವಿಸಿಬಿಲಿಟಿ ಗುರುತು ಹಾಕಿ. ಸ್ಟ್ಯಾಟಿಕ್ ಆಗಿ ಸೇರಿದ ಲೈಬ್ರರಿಗಳ ಸಿಂಬಲ್‌ಗಳನ್ನು ಮುಚ್ಚಲು ಲಿಂಕರ್‌ನ ಎಕ್ಸ್‌ಕ್ಲೂಡ್-ಲಿಬ್ಸ್ ಆಯ್ಕೆ ಇದೆ. ಬಳಿಕ ಕಂಪೈಲ್ ಮಾಡುವಾಗ ಎಫ್‌ಫಂಕ್ಷನ್-ಸೆಕ್ಷನ್ಸ್ ಹಾಗೂ ಎಫ್‌ಡೇಟಾ-ಸೆಕ್ಷನ್ಸ್, ಲಿಂಕ್ ಮಾಡುವಾಗ ಜಿಸಿ-ಸೆಕ್ಷನ್ಸ್ ಸೇರಿಸಿದರೆ ಯಾರೂ ಕರೆಯದ ಕೋಡ್ ನಿಜಕ್ಕೂ ಹೊರಬೀಳುತ್ತದೆ. ಈ ಕ್ರಮ ಮುಖ್ಯ: ಸಿಂಬಲ್‌ಗಳನ್ನು ಮುಚ್ಚದೆ ಜಿಸಿ-ಸೆಕ್ಷನ್ಸ್ ಒಂದನ್ನೇ ಹಾಕಿದರೆ ಗಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಪ್ರೋಗ್ರಾಂ ಓಡುವಾಗ ಡಿಎಲ್‌ಸಿಮ್ ಮೂಲಕ ಹೆಸರು ಹಿಡಿದು ಹುಡುಕುವ ಫಂಕ್ಷನ್‌ಗಳ ಬಗ್ಗೆ ಎಚ್ಚರವಿರಲಿ. ಅವನ್ನು ಮುಚ್ಚಿದರೂ ಬಿಲ್ಡ್ ಸರಾಗವಾಗಿ ಮುಗಿಯುತ್ತದೆ, ತೊಂದರೆ ಕಾಣುವುದು ಪ್ರೋಗ್ರಾಂ ಓಡುವಾಗಲೇ. ಆಂಡ್ರಾಯ್ಡ್‌ನಲ್ಲಿ ಜಾವಾ ಕಡೆಯಿಂದ ಕರೆಯುವ ಫಂಕ್ಷನ್‌ಗಳಿಗೆ ಜೆಎನ್‌ಐಎಕ್ಸ್‌ಪೋರ್ಟ್ ಮ್ಯಾಕ್ರೋ ಬಳಸಿದ್ದರೆ ಡೀಫಾಲ್ಟ್ ವಿಸಿಬಿಲಿಟಿ ಗುರುತು ತಾನಾಗಿಯೇ ಬಿದ್ದಿರುತ್ತದೆ.

ಇಷ್ಟಾದ ಮೇಲೆ ಗಾತ್ರ ಇಳಿಸಲು ಒತ್ತು ಕೊಡುವ ಓಎಸ್ (-Os) ಆಪ್ಟಿಮೈಸೇಶನ್ ಮತ್ತು ಎಲ್‌ಟಿಒ (ಲಿಂಕ್ ಮಾಡುವಾಗ ನಡೆಯುವ ಆಪ್ಟಿಮೈಸೇಶನ್) ಎರಡನ್ನೂ ಒಂದೊಂದಾಗಿ ಹಾಕಿ ಅಳೆದು ನೋಡಬಹುದು. ವೇಗ ಮುಖ್ಯವಾದ ಫೈಲ್‌ಗಳನ್ನು ಮಾತ್ರ ವೇಗಕ್ಕೆ ಒತ್ತು ಕೊಡುವ ಓ2 (-O2) ಮಟ್ಟದಲ್ಲೇ ಬಿಡುವುದು ಲೇಸು. ಫೈಲನ್ನು ಕುಗ್ಗಿಸಿಡುವ ಯುಪಿಎಕ್ಸ್‌ನಂಥ ಪ್ಯಾಕರ್‌ಗಳನ್ನು ಶೇರ್ಡ್ ಲೈಬ್ರರಿಗೆ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಫೈಲ್ ಡಿಸ್ಕ್‌ನಲ್ಲಿ ಚಿಕ್ಕದಾದರೂ ಪ್ರತಿ ಪ್ರೋಸೆಸ್ ಅದನ್ನು ತನ್ನ ಮೆಮೊರಿಯಲ್ಲಿ ಬಿಚ್ಚಿಕೊಳ್ಳಬೇಕಾಗುವುದರಿಂದ, ಕೋಡ್ ಪುಟಗಳನ್ನು ಹಂಚಿಕೊಳ್ಳುವ ಅನುಕೂಲವೇ ಕೈತಪ್ಪುತ್ತದೆ.