ಕಿಟ್ ಚಿಕ್ಕದಿರಲಿ, ವಾರ ವಾರ ಹೋಗಿ

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಶುರುವಾದಾಗ ಮೈಸೂರಿನಲ್ಲಿ ಕೊಡುವ ಕೈಗಳಿಗೆ ಬರ ಇರಲಿಲ್ಲ. ಕೆಸರೆ, ಏಕಲವ್ಯನಗರ, ರಾಜೀವ್‌ನಗರದ ಕಡೆ ದಿನಸಿ ಕಿಟ್ ತುಂಬಿದ ಟೆಂಪೋಗಳು ಹೋಗುತ್ತಿದ್ದವು. ಬೀದಿ ತುದಿಯಲ್ಲಿ ನಿಲ್ಲಿಸಿ, ಹಂಚಿ, ಫೋಟೋ ತೆಗೆದು ಹೊರಟವರಲ್ಲಿ ಎರಡನೇ ಸಲ ಬಂದವರು ಕಮ್ಮಿ. ಒಂದು ಮನೆಗೆ ಮೂರು ಕಿಟ್ ಸಿಕ್ಕಿದರೆ ಪಕ್ಕದ ಮನೆಗೆ ಒಂದೂ ಇಲ್ಲ. ಒಳಗಿದ್ದ ಹದಿಮೂರು, ಹದಿನಾಲ್ಕರ ಹುಡುಗಿಯರನ್ನು ಮಾತಾಡಿಸಿದವರು ಇನ್ನೂ ಕಮ್ಮಿ. ಶಾಲೆ ಮುಚ್ಚಿತ್ತು. ಹಾಸ್ಟೆಲ್ ಮುಚ್ಚಿತ್ತು. ಮೇಷ್ಟ್ರ ಕಣ್ಣಿಗೂ ಬೀಳದ ಹುಡುಗಿಗೆ ಮನೆಯಲ್ಲಿ ಏನಾಗುತ್ತಿದೆ ಅಂತ ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಕಾಲ ಮತ್ತೆ ಬಂದರೆ ಹೀಗೆ ಮಾಡಿ.

ಒಂದು: ಒಂದೇ ಬೀದಿ ಹಿಡಿಯಿರಿ

ಇಡೀ ವಾರ್ಡ್ ಬೇಡ. ನಾಲ್ಕು ಜನ ಇದ್ದರೆ ಮೂವತ್ತು, ನಲವತ್ತು ಮನೆ ಸಾಕು. ಪಟ್ಟಿಯನ್ನು ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆ ಜೊತೆ ಕೂತು ಮಾಡಿ. ಏರಿಯಾದ ಲೀಡರ್ ಕೊಡುವ ಪಟ್ಟಿಯಲ್ಲಿ ಅವರ ಕಡೆಯವರೇ ಇರುತ್ತಾರೆ. ಮನೆಯಲ್ಲಿ ಹತ್ತರಿಂದ ಹದಿನೆಂಟರೊಳಗಿನ ಹುಡುಗಿ ಇದ್ದರೆ ಹೆಸರು, ಶಾಲೆ, ತರಗತಿ ಬರೆದುಕೊಳ್ಳಿ. ಈ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಹೋಗಬಾರದು.

ಎರಡು: ಕಿಟ್

ಸೊಸೈಟಿ ಅಕ್ಕಿ ಬರುತ್ತದೆ. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ತಲೆಗೆ ಐದು ಕೆಜಿ ಪುಕ್ಕಟೆ ಕೊಟ್ಟಿತ್ತು. ಆದರೂ ಕಿಟ್ ಅಂದರೆ ಮತ್ತೆ ಅಕ್ಕಿಯನ್ನೇ ತುಂಬುತ್ತಾರೆ. ಕಾರ್ಡ್ ಇಲ್ಲದ ಮನೆಗೆ ಮಾತ್ರ ಅಕ್ಕಿ ಕೊಡಿ. ಉಳಿದವರಿಗೆ ರಾಗಿಹಿಟ್ಟು, ತೊಗರಿಬೇಳೆ, ಹುರಳಿಕಾಳು, ಎಣ್ಣೆ, ಉಪ್ಪು, ಸಾಂಬಾರ್ ಪುಡಿ, ಬೆಲ್ಲ, ಟೀ ಪುಡಿ. ಮುದ್ದೆ ಉಣ್ಣುವ ಮನೆಗೆ ಗೋಧಿಹಿಟ್ಟು ಕೊಟ್ಟು ಪ್ರಯೋಜನ ಇಲ್ಲ. ಗ್ಯಾಸ್ ಇದೆಯಾ ಅಂತಲೂ ಕೇಳಿ. ಒಲೆ ಹಚ್ಚಲು ಏನೂ ಇಲ್ಲದ ಮನೆಗೆ ಬೇಳೆ ಕೊಟ್ಟು ಏನು ಮಾಡುವುದು?

ಸ್ಯಾನಿಟೈಸರ್ ಬೇಡ. ಆ ವರ್ಷ ಬಣ್ಣದ ನೀರಿಗೆ ವಾಸನೆ ಬೆರೆಸಿದ ಬಾಟಲಿಗಳೂ ಸ್ಯಾನಿಟೈಸರ್ ಹೆಸರಲ್ಲಿ ಬಂದವು. ಆ ದುಡ್ಡಿಗೆ ಬಟ್ಟೆ ಸೋಪು, ಮೈ ಸೋಪು ಎರಡೂ ಬರುತ್ತವೆ.

ಪ್ಯಾಡ್ ಮಾತ್ರ ಬಿಡಬೇಡಿ. ಸರ್ಕಾರದ ಶುಚಿ ಯೋಜನೆಯಲ್ಲಿ ಪ್ಯಾಡ್ ಸಿಗುತ್ತಿದ್ದದ್ದು ಶಾಲೆಯಲ್ಲಿ. ಶಾಲೆ ಮುಚ್ಚಿದರೆ ಹುಡುಗಿ ಹಳೇ ಬಟ್ಟೆಗೆ ವಾಪಸ್. ಒಗೆದು ಬಳಸುವ ಬಟ್ಟೆ ಪ್ಯಾಡ್ ಒಳ್ಳೆಯದು ಅಂತ ತುಂಬಾ ಜನ ಹೇಳುತ್ತಾರೆ. ಬಿಸಿಲು, ನೀರು, ಸ್ವಂತ ಬಚ್ಚಲು ಇರುವ ಮನೆಗೆ ಸರಿ. ಬೀದಿ ನಲ್ಲಿಯಲ್ಲಿ ಕ್ಯೂ ನಿಂತು ಎರಡು ಕೊಡ ನೀರು ತರುವ ಮನೆಯಲ್ಲಿ ಅದನ್ನು ಒಗೆಯುವುದು ಎಲ್ಲಿ, ಒಣಗಿಸುವುದು ಎಲ್ಲಿ? ಹಸಿ ಇರುವಾಗಲೇ ಹಾಕಿಕೊಳ್ಳುತ್ತಾರೆ, ತುರಿಕೆ ಬರುತ್ತದೆ. ಸಾದಾ ಪ್ಯಾಡ್ ಕೊಡಿ. ಸೆಂಟು ಹಾಕಿದ್ದು ಬೇಡ. ಜೊತೆಗೆ ಒಂದು ಕಟ್ಟು ಹಳೇ ಪೇಪರ್ ಇಡಿ, ಸುತ್ತಿ ಎಸೆಯಲು.

ತಿಂಗಳ ಸಾಮಾನು ಒಂದೇ ಸಲ ಕೊಟ್ಟರೆ ಓಡಾಟ ಉಳಿಯುತ್ತದೆ ಅನ್ನುವವರಿದ್ದಾರೆ. ಬೇಡ. 2020ರ ಮೇ 4ಕ್ಕೆ ಮದ್ಯದಂಗಡಿ ತೆರೆದ ಮೇಲೆ ಕೆಲವು ಮನೆಗಳಿಂದ ಕಿಟ್‌ನ ಅಡುಗೆ ಎಣ್ಣೆ ಪ್ಯಾಕೆಟ್ ಹಾಗೇ ಅಂಗಡಿಗೆ ಮಾರಾಟವಾಗಿ ಹೋಗಿದ್ದನ್ನು ನೋಡಿದ್ದೇನೆ. ಮಾರಬಾರದು ಅಂತ ಪ್ಯಾಕೆಟ್ ಬಾಯಿ ಕತ್ತರಿಸಿ ಕೊಡುವವರೂ ಇದ್ದರು. ಅದು ಅವಮಾನ, ಮಾಡಬೇಡಿ. ವಾರಕ್ಕಾಗುವಷ್ಟು ಕೊಡಿ, ಅಮ್ಮನ ಕೈಗೆ ಕೊಡಿ. ವಾರ ವಾರ ಬಾಗಿಲು ತಟ್ಟಲು ನಿಮಗೂ ಒಂದು ನೆಪ ಬೇಕಲ್ವಾ?

ಮೂರು: ಬಾಗಿಲಲ್ಲಿ ಮಾತು

ಎಲ್ಲರೂ ಎಡವುವುದು ಇಲ್ಲಿ. ಅಪ್ಪ, ಅಣ್ಣ, ಪಕ್ಕದ ಮನೆಯವರು ಎಲ್ಲರೂ ನಿಂತಿರುವಾಗ "ನಿನಗೇನಾದರೂ ತೊಂದರೆ ಇದೆಯಾ ಪುಟ್ಟಿ?" ಅಂತ ಕೇಳಿಬಿಡುತ್ತಾರೆ. "ಇಲ್ಲ ಅಕ್ಕ, ಚೆನ್ನಾಗಿದ್ದೀನಿ." ಅಲ್ಲಿಗೆ ಮುಗಿಯಿತು. ಮುಂದಿನ ವಾರ ಆ ಹುಡುಗಿ ಹೊರಗೇ ಬರುವುದಿಲ್ಲ.

ಹೆಂಗಸರಿಬ್ಬರು ಜೊತೆಯಾಗಿ ಹೋಗಿ. ಗಂಡಸರು ಮೂಟೆ ಹೊರಲಿ, ಟೆಂಪೋ ಹತ್ತಿರವೇ ಇರಲಿ. ಮೊದಲ ವಾರ ಅಮ್ಮನ ಜೊತೆ ಮಾತ್ರ ಮಾತಾಡಿ. "ಏನವ್ವ, ಕೆಲಸದ ಮನೆಯವರು ಸಂಬಳ ಕೊಟ್ರಾ?" ಸಾಲ ಎಷ್ಟು, ಮೈಕ್ರೋ ಫೈನಾನ್ಸ್ ಕಂತು ಕೇಳಲು ಬರುತ್ತಿದ್ದಾರಾ, ಇದೆಲ್ಲ ತಾನಾಗೇ ಬರುತ್ತದೆ. ಸಾಲದ ಲೆಕ್ಕ ಗೊತ್ತಾದರೆ ಮಗಳ ವಿಷಯ ಅರ್ಧ ಗೊತ್ತಾದ ಹಾಗೆ.

ಎರಡನೇ ವಾರ ಹುಡುಗಿಗೆ ಒಂದು ಕೆಲಸ ಕೊಡಿ. ಬೀದಿಯಲ್ಲಿ ಯಾರಿಗೆ ಕಿಟ್ ಸಿಕ್ಕಿತು ಅಂತ ಟಿಕ್ ಹಾಕುವ ಕೆಲಸ. ಒಂದು ನೋಟ್‌ಬುಕ್, ಒಂದು ಪೆನ್ನು. ಮನೆಯವರಿಗೆ ಇದರಲ್ಲಿ ಅನುಮಾನ ಬರುವುದಿಲ್ಲ, ಹೆಮ್ಮೆಯೇ ಆಗುತ್ತದೆ. ಲೆಕ್ಕ ನೋಡುವ ನೆಪದಲ್ಲಿ ನಲ್ಲಿ ಹತ್ತಿರವೋ ಜಗಲಿ ಮೇಲೋ ಹತ್ತು ನಿಮಿಷ ಅವಳ ಜೊತೆ ಕೂರಬಹುದು. ಎಲ್ಲರ ಕಣ್ಣಿಗೆ ಕಾಣಬೇಕು, ಮಾತು ಮಾತ್ರ ಕೇಳಬಾರದು, ಅಷ್ಟು ದೂರ ಕೂತುಕೊಳ್ಳಿ.

ಆಗಲೂ ನೇರ ಪ್ರಶ್ನೆ ಬೇಡ. "ಬೆಳಗ್ಗೆಯಿಂದ ಏನೇನು ಮಾಡಿದೆ?" ಅಂತ ಕೇಳಿ. ಊದುಬತ್ತಿ ಹೊಸೆಯುತ್ತಿದ್ದರೆ, ಬೀಡಿ ಕಟ್ಟುತ್ತಿದ್ದರೆ ಅದರಲ್ಲೇ ಬರುತ್ತದೆ. "ರಾತ್ರಿ ಯಾರ ಪಕ್ಕ ಮಲಗ್ತೀಯ? ಟಾಯ್ಲೆಟ್ಟಿಗೆ ಯಾರ ಜೊತೆ ಹೋಗ್ತೀಯ?" ಈ ಎರಡಕ್ಕೆ ತಡೆದು ತಡೆದು ಉತ್ತರ ಬಂದರೆ ಒತ್ತಾಯ ಮಾಡಬೇಡಿ. ಮುಂದಿನ ವಾರ ಇದ್ದೇ ಇದೆ. ಅವಳ ಮುಂದೆ ಬರೆದುಕೊಳ್ಳಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡಲೇಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಲ್ಲಿ ಎಲ್ಲರ ಮೇಲೂ ಇರುವ ಹೊಣೆ. ತಿಳಿಸದಿದ್ದರೆ ಶಿಕ್ಷೆಯೂ ಇದೆ.

ಮದುವೆ ಸುಳಿವು ಬೇರೆ ಥರ ಸಿಗುತ್ತದೆ. ಲಾಕ್‌ಡೌನ್‌ನಲ್ಲಿ ಛತ್ರ ಇಲ್ಲ, ಐವತ್ತು ಜನರ ಮಿತಿ, ಖರ್ಚು ಕಮ್ಮಿ. ಸಾಲದಲ್ಲಿರುವ ಅಪ್ಪನಿಗೆ ಇದೇ ಒಳ್ಳೇ ಸಮಯ ಅನ್ನಿಸುತ್ತದೆ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ತಿದ್ದಿಸಲು ಓಡಾಡುತ್ತಿದ್ದರೆ, ಹುಡುಗಿಯನ್ನು ಇದ್ದಕ್ಕಿದ್ದಂತೆ ಎಚ್.ಡಿ. ಕೋಟೆಯ ಅಜ್ಜಿ ಮನೆಗೋ ತಿ. ನರಸೀಪುರದ ಅತ್ತೆ ಮನೆಗೋ ಕಳಿಸಿದ್ದರೆ ಎಚ್ಚರ. ಆಷಾಢ ಮುಗಿಯುವ ವಾರ ಎರಡು ಪಟ್ಟು ಎಚ್ಚರ.

ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡಬೇಡಿ, ಯಾರಾದರೂ ನೋಡುತ್ತಾರೆ. ಹತ್ತು, ತೊಂಬತ್ತೆಂಟು ಅಂತ ಅವಳ ಬಾಯಲ್ಲೇ ಹೇಳಿಸಿ.

ನಾಲ್ಕು: ಸುಳಿವು ಸಿಕ್ಕಿದ ಮೇಲೆ

ನೀವೇ ಹೋಗಿ ಅಪ್ಪನಿಗೆ ಬುದ್ಧಿ ಹೇಳಬೇಡಿ. ಮರುದಿನವೇ ಹುಡುಗಿ ಮಾಯವಾಗುತ್ತಾಳೆ. 1098ಕ್ಕೆ ಫೋನ್ ಮಾಡಿ, ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ) ತಿಳಿಸಿ. ಬಾಲ್ಯವಿವಾಹ ನಿಷೇಧಾಧಿಕಾರಿಗಳಲ್ಲಿ ಅವರೂ ಒಬ್ಬರು. ಕೋರ್ಟಿನಿಂದ ತಡೆಯಾಜ್ಞೆ ತರಲು ದಾರಿ ಇದೆ. ನಮ್ಮ ರಾಜ್ಯದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಕಟ್ಟಿ ಆಯಿತು, ಇನ್ನೇನು ಮಾಡುವುದು ಅಂತ ಸುಮ್ಮನಾಗಬೇಡಿ.

ಅಪ್ಪ ಅಮ್ಮ ಇಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬಾಲ ಸೇವಾ ಯೋಜನೆ ಬಂತು, ತಿಂಗಳಿಗೆ 3,500 ರೂಪಾಯಿ. ಇಂಥ ಮಕ್ಕಳ ವಿಷಯವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮುಟ್ಟಿಸಿ. "ಎರಡು ಹೆಣ್ಣುಮಕ್ಕಳಿದ್ದಾರೆ, ಯಾರಾದರೂ ದತ್ತು ತಗೊಳ್ಳಿ" ಅನ್ನುವ ವಾಟ್ಸಾಪ್ ಮೆಸೇಜ್ ಆ ವರ್ಷ ಊರೆಲ್ಲ ಸುತ್ತಿತು. ಫಾರ್ವರ್ಡ್ ಮಾಡಬೇಡಿ. ಹಾಗೆ ದತ್ತು ಕೊಡುವುದು ಅಪರಾಧ, ಮಕ್ಕಳ ಸಾಗಣೆಗೂ ಅದೇ ದಾರಿ. ಮಕ್ಕಳ ಫೋಟೋ ಎಲ್ಲಿಯೂ ಹಾಕಬೇಡಿ.

ಐದು: ಓದು

ಮನೆಗೊಂದೇ ಫೋನ್ ಇದ್ದರೆ ಅದು ಗಂಡುಮಗನ ಕೈಯಲ್ಲಿರುತ್ತದೆ. ಹುಡುಗಿ ಹೆಸರಲ್ಲಿ ಡೇಟಾ ಹಾಕಿಸಿದರೂ ಅವನೇ ಖಾಲಿ ಮಾಡುತ್ತಾನೆ. ಆಗ ಚಂದನ ಟಿವಿಯಲ್ಲಿ ಶಾಲೆ ಮಕ್ಕಳಿಗೆ ಸಂವೇದ ಅನ್ನುವ ಪಾಠ ಬರುತ್ತಿತ್ತು. ಟಿವಿ ಇರುವ ಒಂದು ಮನೆ ಹುಡುಕಿ, ಐದಾರು ಹುಡುಗಿಯರನ್ನು ದೂರ ದೂರ ಕೂರಿಸಿ. ಪಾಠಕ್ಕಿಂತ ದಿನಾ ಒಂದು ಗಂಟೆ ಮನೆಯಿಂದ ಹೊರಗಿರುವುದೇ ದೊಡ್ಡದು.

ಶಾಲೆ ತೆರೆದ ತಕ್ಷಣ ನಿಮ್ಮ ಪಟ್ಟಿ ತಗೊಂಡು ಹೋಗಿ ಹಾಜರಿ ಪುಸ್ತಕದ ಜೊತೆ ತಾಳೆ ಹಾಕಿ. ಬಾರದವರ ಮನೆಗೆ ಅದೇ ವಾರ ಹೋಗಿ. ಯಾರಾದರೂ ಮಗಳ ಟಿ.ಸಿ. ಕೇಳಿಕೊಂಡು ಬಂದರೆ ಕೊಡುವ ಮೊದಲು ನಿಮಗೊಂದು ಫೋನ್ ಮಾಡಲು ಹೆಡ್‌ಮಾಸ್ಟರಿಗೆ ಮೊದಲೇ ಹೇಳಿಟ್ಟಿರಿ.