ಮಳೆ ಪುಸ್ತಕ ಹಿಡಿದು ಡೇಟಾ ಕಲಿಸುವುದು

ಕ್ಯಾಂಪಸ್ಸಿನಲ್ಲಿ ಡೇಟಾ ತರಬೇತಿ ನಡೆಸಲು ಹೊರಟವರು ದಯವಿಟ್ಟು ಮೆನುಗಳಿಂದ ಶುರು ಮಾಡಬೇಡಿ. ನಾನು ಗ್ರಂಥಾಲಯದವಳು. ಮೊದಲ ಸಲ ಎಕ್ಸೆಲ್‌ನ ಒಂದೊಂದೇ ಗುಂಡಿಯನ್ನು ವಿವರಿಸುತ್ತ ಹೋದೆ. ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಈಗ ಹೆಸರು ಕೊಟ್ಟವರಿಗೆ ಒಂದೇ ಮಾತು ಹೇಳುತ್ತೇನೆ: ಮನೆಯಲ್ಲಿ ಮಳೆ ಬರೆದಿಟ್ಟ ಪುಸ್ತಕವಿದ್ದರೆ ತನ್ನಿ.

ಮಲೆನಾಡಿನಲ್ಲಿ ಅದು ಅಪರೂಪದ ವಸ್ತುವಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಬೆಳಿಗ್ಗೆ ಅಳತೆ ನೋಡಿ ಕ್ಯಾಲೆಂಡರಿನ ಮೇಲಾದರೂ ಗೀಚುವವರು ಇನ್ನೂ ಇದ್ದಾರೆ. ಹಿರಿಯರದು ಇಂಚು ಮತ್ತು ಸೆಂಟಿನ ಲೆಕ್ಕ, ಕಿರಿಯರದು ಮಿಲಿಮೀಟರ್. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ.

ಒಬ್ಬೊಬ್ಬರು ಒಂದು ಜುಲೈ ತಿಂಗಳನ್ನು ಮಾತ್ರ ಟೈಪ್ ಮಾಡಲಿ. ಹೇಗೆಂದು ಹೇಳಬೇಡಿ. ತಪ್ಪುಗಳು ತಾವಾಗಿಯೇ ಬರುತ್ತವೆ, ನಿಮಗೆ ಬೇಕಿರುವುದೂ ಅವೇ.

ಹುಲಿಕಲ್ ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಜುಲೈ ಮೊತ್ತ ಹನ್ನೊಂದು ಇಂಚು ಬಂತು. ಪರದೆ ನೋಡಿ ಅವಳೇ ನಕ್ಕಳು: "ಮೇಡಂ, ಇದು ನಮ್ಮ ಮನೆಯ ಮೂರು ದಿನದ ಮಳೆ." ಹಲವು ಕೋಶಗಳಲ್ಲಿ ಅವಳು "2.15 ಇಂಚು" ಎಂದು ಅಕ್ಷರ ಸೇರಿಸಿ ಬರೆದಿದ್ದಳು. ಅಂಥದ್ದು ಎಕ್ಸೆಲ್‌ಗೆ ಸಂಖ್ಯೆಯಲ್ಲ, ಪಠ್ಯ. ಮೊತ್ತ ಹಾಕುವಾಗ ಚಕಾರವೆತ್ತದೆ ಬಿಟ್ಟುಬಿಡುತ್ತದೆ. ಗುರುತು ಸುಲಭ: ಸಂಖ್ಯೆ ಕೋಶದ ಬಲಕ್ಕೆ ನಿಲ್ಲುತ್ತದೆ, ಪಠ್ಯ ಎಡಕ್ಕೆ. ಅಳತೆಯ ಘಟಕವನ್ನು ಕಾಲಂನ ತಲೆಯಲ್ಲಿ ಒಮ್ಮೆ ಬರೆದರೆ ಸಾಕು.

ಇನ್ನು ದಿನಾಂಕ. ಇದಕ್ಕೆ ನಾನು ಒಂದು ಗಂಟೆ ಪೂರ್ತಿ ಇಡುತ್ತೇನೆ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 01/07/2023 ಅನ್ನು ಜನವರಿ 7 ಎಂದು ಓದುತ್ತದೆ, 02/07 ಅನ್ನು ಫೆಬ್ರವರಿ 7 ಎಂದು. ಹನ್ನೆರಡರ ತನಕ ಹೀಗೇ. ಹದಿಮೂರನೆಯ ತಿಂಗಳಿಲ್ಲವಾದ್ದರಿಂದ 13/07ರಿಂದ ಮುಂದಿನವು ಪಠ್ಯವಾಗಿ ಎಡಕ್ಕೆ ವಾಲುತ್ತವೆ. ಗ್ರಾಫ್ ಬಿಡಿಸಿ ತೋರಿಸಿ: ವರ್ಷವಿಡೀ ಪ್ರತಿ ತಿಂಗಳ ಏಳನೆಯ ತಾರೀಖಿಗೆ ಸರಿಯಾಗಿ ಮಳೆ! ಅಡಿಕೆ ಒಣಗಲು ಹರವಿರುವ ಜನವರಿಯಲ್ಲಿ ಮೂರು ಇಂಚು ಸುರಿದದ್ದನ್ನು ಕಂಡರೆ ಯಾವ ತೋಟದವರ ಮಗನೂ ಸುಮ್ಮನೆ ಕೂರುವುದಿಲ್ಲ. ದಿನ, ತಿಂಗಳು, ವರ್ಷಕ್ಕೆ ಮೂರು ಬೇರೆ ಕಾಲಂ ಮಾಡಿಸಿ. ಈ ರಗಳೆ ಅಲ್ಲಿಗೆ ಮುಗಿಯುತ್ತದೆ.

ಖಾಲಿಯೂ ಸೊನ್ನೆಯೂ ಒಂದಲ್ಲ. ಮಳೆ ಬಾರದಿದ್ದರೆ ಸೊನ್ನೆ. ಮದುವೆಗೆ ಹೋಗಿ ಅಳತೆ ನೋಡದಿದ್ದರೆ ಖಾಲಿ. ಮರುದಿನದ ಅಂಕಿಯಲ್ಲಿ ಎರಡು ದಿನದ ನೀರಿರುತ್ತದೆ, ಅದನ್ನು ಪಕ್ಕದ ಟಿಪ್ಪಣಿ ಕಾಲಂನಲ್ಲಿ ಬರೆಸಿ.

ಊರಿನ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಹೊಡೆಯಬೇಡಿ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಇರಲಿ. ಕಡತವನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಮಾಡುವಾಗ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಬಗೆ) ಎಂದಿರುವ ಆಯ್ಕೆಯನ್ನೇ ಒತ್ತಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ. 2014ರ ನವೆಂಬರ್ 1ಕ್ಕೆ ಮುಂಚಿನ ಇಂಗ್ಲಿಷ್ ಕಡತಗಳಲ್ಲಿ ಜಿಲ್ಲೆಯ ಹೆಸರು 'ಶಿಮೊಗ' ಎಂದಿರುತ್ತದೆ. 'ಶಿವಮೊಗ್ಗ' ಎಂದಿರುವ ಹೊಸ ಕಡತಗಳ ಜೊತೆ ಸೇರಿಸಿದರೆ ಎರಡು ಜಿಲ್ಲೆ ಆದಂತೆ.

ಮಳೆಗಾಲದಲ್ಲಿ ತರಬೇತಿಯಾದರೆ ಇಂಟರ್ನೆಟ್ಟನ್ನು ನೆಚ್ಚಬೇಡಿ. ಎಕ್ಸೆಲ್‌ನಂಥದ್ದೇ ಕೆಲಸ ಮಾಡುವ ಲಿಬ್ರೆ ಆಫೀಸ್ ಉಚಿತ, ಹಿಂದಿನ ದಿನವೇ ಎಲ್ಲ ಯಂತ್ರಗಳಿಗೂ ಹಾಕಿಡಿ. ಕರೆಂಟ್ ಹೋದರೆ ಪುಸ್ತಕಗಳನ್ನು ಅದಲುಬದಲು ಮಾಡಿಸಿ, ಒಬ್ಬರ ಕೈಬರಹವನ್ನು ಇನ್ನೊಬ್ಬರು ಓದಿ ಅನುಮಾನದ ಅಂಕಿಗಳಿಗೆ ಪೆನ್ಸಿಲ್ ಗುರುತು ಹಾಕಲಿ.

ಸಂಜೆ ಹೊರಡುವಾಗ ಪುಸ್ತಕಗಳು ಚೀಲ ಸೇರಿದವೇ ಎಂದು ಎಣಿಸಿ. ಒಮ್ಮೆ ಒಂದು ನನ್ನ ಮೇಜಿನ ಮೇಲೆಯೇ ಉಳಿಯಿತು. ಆ ಮನೆಯ ಅಜ್ಜ ಮೂರು ದಿನದ ಮಳೆಯನ್ನು ಲಗ್ನಪತ್ರಿಕೆಯ ಬೆನ್ನಿಗೆ ಬರೆದಿಟ್ಟುಕೊಂಡಿದ್ದರಂತೆ.