ಎಚ್-ಬ್ರಿಡ್ಜ್ ಸುಡದ ಹಾಗೆ ಪಿಡಬ್ಲ್ಯೂಎಂ ಕೊಡುವುದು ಹೇಗೆ?

ಎಚ್-ಬ್ರಿಡ್ಜ್ ಅಂದರೆ ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವ, ನಾಲ್ಕು ಸ್ವಿಚ್‌ಗಳ ಸರ್ಕ್ಯೂಟ್. ಪಿಡಬ್ಲ್ಯೂಎಂ ಅಂದರೆ ಆ ಸ್ವಿಚ್‌ಗಳನ್ನು ಬೇಗ ಬೇಗ ಆನ್-ಆಫ್ ಮಾಡಿ ವೇಗ ಹಿಡಿತದಲ್ಲಿಡುವ ಸಿಗ್ನಲ್. ಎಚ್-ಬ್ರಿಡ್ಜ್ ಸುಟ್ಟರೆ ಹುಡುಗರು ಮೊದಲು ಬೈಯುವುದು ಸ್ವಿಚ್ ಆಗಿ ಕೆಲಸ ಮಾಡುವ ಮಾಸ್ಫೆಟ್‌ಗೆ. ಇನ್ನೂ ದೊಡ್ಡದು ತಂದು ಹಾಕುತ್ತಾರೆ, ಅದೂ ಸುಡುತ್ತದೆ. ಎಷ್ಟೋ ಸಲ ತಪ್ಪು ಇರುವುದು ಸಿಗ್ನಲ್‌ನಲ್ಲಿ. ಒಂದೇ ಕಾಲಿನ (ಬ್ರಿಡ್ಜಿನ ಒಂದು ಬದಿಯ) ಮೇಲಿನ ಮತ್ತು ಕೆಳಗಿನ ಮಾಸ್ಫೆಟ್ ಕ್ಷಣಕಾಲ ಒಟ್ಟಿಗೆ ಆನ್ ಆದರೂ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ. ಮಾಸ್ಫೆಟ್ ಆಫ್ ಆಗಲು ಸ್ವಲ್ಪ ಸಮಯ ಬೇಕು, ಅಲ್ವಾ? ಅದಕ್ಕೇ ನಡುವೆ ಎರಡೂ ಆಫ್ ಇರುವ ಬಿಡುವು, ಅಂದರೆ ಡೆಡ್ ಟೈಮ್, ಇರಲೇಬೇಕು. ಸುಮ್ನೆ ಒಂದು ನಾಟ್ ಗೇಟ್ ಹಾಕಿ ಸಿಗ್ನಲ್ ತಿರುಗಿಸಿದರೆ ಆ ಬಿಡುವು ಸಿಗುವುದಿಲ್ಲ.

ಹಂತ 1: ಆರ್ಡುಯಿನೊ ಯೂನೊ, ಎರಡು ಐಆರ್2110 ಡ್ರೈವರ್ (ಮಾಸ್ಫೆಟ್‌ಗಳನ್ನು ಆನ್-ಆಫ್ ಮಾಡುವ ಚಿಪ್), ನಾಲ್ಕು ಎನ್-ಚಾನೆಲ್ ಮಾಸ್ಫೆಟ್ ತೆಗೆದುಕೊಳ್ಳಿ. ಎಲ್298ಎನ್ ಎಂಬ ರೆಡಿಮೇಡ್ ಎಚ್-ಬ್ರಿಡ್ಜ್ ಮಾಡ್ಯೂಲ್ ಅಗ್ಗ ನಿಜ, ಆದರೆ ಒಂದು ಆಂಪಿಯರ್‌ಗೇ ಸುಮಾರು ಎರಡು ವೋಲ್ಟ್ ತಿನ್ನುತ್ತದೆ. ದೊಡ್ಡ ಮೋಟಾರಿಗೆ ಅದು ಬೇಡ.

ಹಂತ 2: ಆರ್ಡುಯಿನೊದ ಪಿನ್ 9ನ್ನು ಮೊದಲ ಡ್ರೈವರ್‌ನ ಮೇಲಿನ ಇನ್‌ಪುಟ್‌ಗೆ, ಎರಡನೆಯದರ ಕೆಳಗಿನ ಇನ್‌ಪುಟ್‌ಗೆ ಕೊಡಿ. ಪಿನ್ 10ನ್ನು ಉಳಿದ ಎರಡು ಇನ್‌ಪುಟ್‌ಗೆ ಕೊಡಿ. ಎರಡೂ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ರಿಸೆಟ್ ಆದಾಗ ಪಿನ್ ತೇಲಬಾರದು.

ಹಂತ 3: ಇದೇ ಮುಖ್ಯ. ಆರ್ಡುಯಿನೊದ ಅನಲಾಗ್‌ರೈಟ್ ಆಜ್ಞೆ ಬಿಡಿ, ಚಿಪ್‌ನೊಳಗಿನ ಟೈಮರ್ 1 ಅನ್ನು ನೇರವಾಗಿ ಹಿಡಿಯಿರಿ. ಸರ್ವೋ ಲೈಬ್ರರಿಯೂ ಇದೇ ಟೈಮರ್ ಬಳಸುತ್ತದೆ, ಹಾಗಾಗಿ ಅದನ್ನು ಸೇರಿಸಬೇಡಿ. ಟೈಮರ್‌ನ ಸೆಟ್ಟಿಂಗ್ ಇಡುವ ರಿಜಿಸ್ಟರ್‌ಗಳಲ್ಲಿ ಟಿಸಿಸಿಆರ್1ಎ ಗೆ ಹೆಕ್ಸ್ ಬಿ2, ಟಿಸಿಸಿಆರ್1ಬಿ ಗೆ ಹೆಕ್ಸ್ 11, ಐಸಿಆರ್1 ಗೆ 400 ಬರೆಯಿರಿ. ಟೈಮರ್ 400ರವರೆಗೆ ಏರಿ ಮತ್ತೆ ಇಳಿಯುತ್ತದೆ. 16 ಮೆಗಾಹರ್ಟ್ಸ್ ಬೋರ್ಡಿನಲ್ಲಿ ಇದು 20 ಕಿಲೋಹರ್ಟ್ಸ್, ಮೋಟಾರ್ ಕೀರಲು ಸದ್ದು ಕಿವಿಗೆ ಬೀಳುವುದಿಲ್ಲ.

ಈಗ ಟೈಮರ್‌ನ ಎಣಿಕೆ ಒಸಿಆರ್1ಎ ರಿಜಿಸ್ಟರ್‌ನಲ್ಲಿರುವ ಅಂಕೆಗಿಂತ ಕಡಿಮೆ ಇರುವಾಗ ಪಿನ್ 9 ಆನ್, ಒಸಿಆರ್1ಬಿ ಗಿಂತ ಜಾಸ್ತಿ ಇರುವಾಗ ಪಿನ್ 10 ಆನ್. ಎರಡರ ನಡುವಿನ ಅಂತರವೇ ಡೆಡ್ ಟೈಮ್. ಒಂದು ಎಣಿಕೆ 62.5 ನ್ಯಾನೋಸೆಕೆಂಡ್. 16 ಅಂತರ ಇಟ್ಟರೆ ಒಂದು ಮೈಕ್ರೋಸೆಕೆಂಡ್. ನಾನು ಇದಕ್ಕಿಂತ ಕಡಿಮೆ ಮಾಡಲು ಹೇಳುವುದಿಲ್ಲ. ಒಸಿಆರ್1ಎ 192, ಒಸಿಆರ್1ಬಿ 208 ಇಟ್ಟರೆ ಮೋಟಾರ್ ನಿಂತಿರುತ್ತದೆ, ಅಲ್ಲಿಂದ ಎರಡನ್ನೂ ಒಟ್ಟಿಗೆ ಏರಿಸಿದರೆ ಒಂದು ದಿಕ್ಕು, ಇಳಿಸಿದರೆ ಇನ್ನೊಂದು.

ಹೆಚ್ಚಿನವರು ಎಡವುವುದು ವೇಗ ಬದಲಿಸುವಾಗ. ಎರಡು ರಿಜಿಸ್ಟರ್ ಒಟ್ಟಿಗೆ ಬದಲಾಗುವುದಿಲ್ಲ. ಒಂದನ್ನು ಬರೆದು ಇನ್ನೊಂದನ್ನು ಬರೆಯುವಷ್ಟರಲ್ಲಿ ಟೈಮರ್ ತುದಿ ಮುಟ್ಟಿದರೆ, ಒಂದು ಸುತ್ತು ಹಳೆಯದೂ ಹೊಸದೂ ಬೆರೆತು ಅಂತರವೇ ಮಾಯವಾಗಬಹುದು. ಅದಕ್ಕೆ ಅಂಕೆ ಏರಿಸುವಾಗ ಮೊದಲು ಒಸಿಆರ್1ಬಿ ಬರೆಯಿರಿ. ಇಳಿಸುವಾಗ ಮೊದಲು ಒಸಿಆರ್1ಎ. ಹೀಗಾದರೆ ಅಂತರ ಹಿಗ್ಗಬಹುದು, ಕುಗ್ಗುವುದಿಲ್ಲ. ಒಸಿಆರ್1ಎ ಯನ್ನು 20ರಿಂದ 360ರೊಳಗೆ ಇಡಿ. ಕೆಳಗಿನ ಮಾಸ್ಫೆಟ್ ಆನ್ ಆಗದಿದ್ದರೆ ಮೇಲಿನ ಮಾಸ್ಫೆಟ್ ಆನ್ ಮಾಡಲು ಬೇಕಾದ ಬೂಟ್‌ಸ್ಟ್ರಾಪ್ ಕೆಪಾಸಿಟರ್ ಚಾರ್ಜ್ ಆಗದು.

ರಿಜಿಸ್ಟರ್ ಎಲ್ಲಾ ತುಂಬಿದ ಮೇಲೆಯೇ ಎರಡೂ ಪಿನ್ ಔಟ್‌ಪುಟ್ ಮಾಡಿ.

ಹಂತ 4: ಮೋಟಾರ್ ಜೋಡಿಸದೆ, ಸಪ್ಲೈ ಜೊತೆ ಸೀರೀಸ್‌ನಲ್ಲಿ ಕಾರಿನ 12 ವೋಲ್ಟ್, 21 ವಾಟ್ ಬಲ್ಬ್ ಹಾಕಿ ಆನ್ ಮಾಡಿ. ಕೆಪಾಸಿಟರ್ ತುಂಬುವಾಗ ಒಮ್ಮೆ ಮಿನುಗಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಡೆಡ್ ಟೈಮ್, ವೈರಿಂಗ್ ಎರಡನ್ನೂ ಮತ್ತೆ ನೋಡಿ. ಬಲ್ಬ್ ಆರಿಯೇ ಇದ್ದರೆ ಅದನ್ನು ತೆಗೆದು, ಅಲ್ಲಿ ಫ್ಯೂಸ್ ಹಾಕಿ, ಮೋಟಾರ್ ಜೋಡಿಸಿ.